ಬಿರುಗಾಳಿಯ ನಂತರ ದಿನಗಟ್ಟಲೆ ಕರೆಂಟಿಲ್ಲದಾಗ

ಬೇಸಿಗೆಯ ಬಿರುಗಾಳಿ ಮರಗಳನ್ನೂ ಕಂಬಗಳನ್ನೂ ಉರುಳಿಸಿ ಹೋದ ಮೇಲೆ, ಇನ್ನೇನು ಒಂದು ಗಂಟೆಯಲ್ಲಿ ಕರೆಂಟು ಬಂದೀತು ಎಂದು ಕಾಯುತ್ತ ಕೂರುವುದು ಮನೆ ನಡೆಸುವವರು ಮಾಡುವ ಮೊದಲ ತಪ್ಪು. ಅದನ್ನು ನಾನೂ ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದೇನೆ. ಎರಡನೆಯದು, ಎಲ್ಲಕ್ಕಿಂತ ಮೊದಲು ದೀಪದ ಚಿಂತೆಗೆ ಬೀಳುವುದು. ಒಂದು ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿ ಅದರ ಮೇಲೆ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನಿಟ್ಟರೆ ಒಂದು ಕೋಣೆಗೆ ಸಾಕಾಗುವಷ್ಟು ಬೆಳಕು ಹರಡುತ್ತದೆ, ಮೇಣದಬತ್ತಿಯಿಂದ ಬೆಂಕಿ ತಗಲುವ ಭಯವೂ ಇರುವುದಿಲ್ಲ. ನಿಜವಾಗಿ ಜತನ ಮಾಡಬೇಕಾದದ್ದು ಮನೆಯಲ್ಲಿ ಉಳಿದಿರುವ ತಂಪನ್ನು; ಅದನ್ನು ಕೈಯಲ್ಲಿರುವ ಕೊನೆಯ ಹಣದಂತೆ ಎಣಿಸಿ ಖರ್ಚು ಮಾಡಬೇಕು.

ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನೊಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಪ್ರತ್ಯೇಕ ಬಾಗಿಲಿನ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುತ್ತದೆ. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಿನ ಮೇಲ್ಗೂಡಿನಿಂದ ಇಷ್ಟನ್ನು ನಿರೀಕ್ಷಿಸಬೇಡಿ. ಒಮ್ಮೆ ನಮ್ಮ ಮನೆಯಲ್ಲಿ ಆಹಾರ ಕೆಟ್ಟಿದೆಯೇ ಎಂದು ನೋಡಲು ಒಬ್ಬೊಬ್ಬರಾಗಿ ಬಾಗಿಲು ತೆರೆದು ತೆರೆದೇ ಎಲ್ಲವನ್ನೂ ಕೆಡಿಸಿದೆವು. ಅಂದಿನಿಂದ ನಾನು ಒಳಗೇನಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸುತ್ತೇನೆ, ಬೇಕಾದದ್ದನ್ನೆಲ್ಲ ಒಂದೇ ಸಲ ಹೊರತೆಗೆಯುತ್ತೇನೆ. ಬಿರುಗಾಳಿಯ ಮುನ್ಸೂಚನೆ ಸಿಕ್ಕಿದಾಗಲೇ ಫ್ರೀಜರಿನ ಖಾಲಿ ಜಾಗಗಳಲ್ಲಿ, ಕತ್ತಿನವರೆಗೆ ತುಂಬಿಸದ ನೀರಿನ ಬಾಟಲಿಗಳನ್ನು ಇಟ್ಟುಬಿಡಿ. ಮಂಜುಗಡ್ಡೆ ಕರಗುವಾಗ ಹೀರುವ ಶಾಖ, ಅಷ್ಟೇ ತೂಕದ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟಿರುವುದರಿಂದ, ಆ ಬಾಟಲಿಗಳು ಗಂಟೆಗಟ್ಟಲೆ ಕಾವಲು ಕಾಯುತ್ತವೆ. ಕರಗಿದ ಮೇಲೆ ಅದೇ ಕುಡಿಯುವ ನೀರೂ ಆಗುತ್ತದೆ. ಹಾಲು, ಮಾಂಸ, ಬೇಯಿಸಿದ ಅಡುಗೆ 4 ಡಿಗ್ರಿಗಿಂತ ಬೆಚ್ಚಗಾಗಿ 2 ಗಂಟೆ ಕಳೆದಿದ್ದರೆ ಎಸೆಯಬೇಕು, ಸುತ್ತಲಿನ ಗಾಳಿಯೇ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆಯ ಗಡುವು. ಮೂಸಿ ನೋಡಿ ನಿರ್ಧರಿಸುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿ, ಏಕೆಂದರೆ ಹೊಟ್ಟೆ ಕೆಡಿಸುವ ರೋಗಾಣುಗಳಿಗೆ ವಾಸನೆ ಇರಲೇಬೇಕೆಂದಿಲ್ಲ. ಇನ್ಸುಲಿನ್ ಬಳಸುವವರು ಗಾಬರಿಪಡಬೇಕಾಗಿಲ್ಲ. ಹಲವು ಬಗೆಯವು 30 ಡಿಗ್ರಿಯೊಳಗೆ ಸುಮಾರು 4 ವಾರ ಉಳಿಯುತ್ತವೆ, ಆದರೆ ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದ್ದನ್ನು ಬಳಸಬಾರದು.

ಸೆಕೆಯ ವಿಷಯದಲ್ಲಿ, ಕಿಟಕಿ ತೆರೆದಷ್ಟೂ ತಂಪು ಎಂಬ ನಂಬಿಕೆ ಹಗಲಿಗೆ ಸಲ್ಲದು. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವವರೆಗೆ ಕಿಟಕಿಯನ್ನೂ ಪರದೆಯನ್ನೂ ಮುಚ್ಚಿಡಿ; ಸಂಜೆ ಹೊರಗೆ ತಂಪಾದ ಮೇಲೆ ಎದುರುಬದುರಾದ ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಡಿ. ಮಹಡಿ ಮನೆಯಾದರೆ ಕೆಳಗಿನ ಅಂತಸ್ತಿನಲ್ಲೇ ಮಲಗಿ. ಕೋಣೆಯಲ್ಲಿ ಒದ್ದೆ ಬಟ್ಟೆ ತೂಗುಹಾಕುವುದು ಒಣಹವೆಯಲ್ಲಿ ಒಳ್ಳೆಯ ಉಪಾಯವಾದರೂ, ಮಳೆ ಸುರಿದು ಗಾಳಿ ತೇವದಿಂದ ಭಾರವಾಗಿರುವಾಗ ಅದು ಬೇಗೆಯನ್ನು ಹೆಚ್ಚಿಸುತ್ತದೆ; ಆಗ ಕತ್ತು, ಮುಂಗೈಗಳನ್ನು ಒದ್ದೆ ಮಾಡಿಕೊಳ್ಳುವುದು, ಪಾದಗಳನ್ನು ನೀರಿನಲ್ಲಿಡುವುದು ಲೇಸು. ಕೋಣೆ 40 ಡಿಗ್ರಿ ದಾಟಿದ್ದರೆ ಬ್ಯಾಟರಿ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಊದುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ನನಗೇ ಈಗ ಅದರ ಅನುಭವವಾಗುತ್ತಿದೆ. ಆದ್ದರಿಂದ ಕೇಳಲಿ ಎಂದು ಕಾಯದೆ ಗಂಟೆಗೊಮ್ಮೆ ಲೋಟ ಕೈಗೆ ಕೊಡಿ. ಯಾರಾದರೂ ತಡವರಿಸಿ ಮಾತನಾಡತೊಡಗಿ ಮೈ ಸುಡುತ್ತಿದ್ದರೆ, ಆ ಕ್ಷಣವೇ ನೀರೆರೆದು ತಂಪು ಮಾಡುತ್ತ ವೈದ್ಯಕೀಯ ನೆರವಿಗೆ ಕರೆ ಮಾಡಬೇಕು.

ಪಂಪು ನಡೆಯದು ಎಂಬುದನ್ನು ನೆನಪಿಟ್ಟು ಕುಡಿಯಲು, ಅಡುಗೆಗೆ ಒಬ್ಬೊಬ್ಬರಿಗೆ ದಿನಕ್ಕೆ 4 ಲೀಟರಿನಂತೆ ನೀರು ತೆಗೆದಿಟ್ಟುಕೊಳ್ಳಿ.

ಜನರೇಟರ್ ಇದ್ದವರಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದನ್ನು ಮನೆಯೊಳಗಾಗಲಿ, ಗ್ಯಾರೇಜಿನಲ್ಲಾಗಲಿ, ಕಿಟಕಿಯ ಕೆಳಗಾಗಲಿ ನಡೆಸಬೇಡಿ. ಕನಿಷ್ಠ 6 ಮೀಟರ್ ದೂರವಿರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ನಿದ್ರೆಯಲ್ಲಿಯೇ ಕೊಲ್ಲುತ್ತದೆ. ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಉರಿಸಿದರೂ ಅದೇ ಅಪಾಯ. ಜನರೇಟರಿನ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ವಿದ್ಯುತ್ ಹಿಮ್ಮುಖವಾಗಿ ಬೀದಿಯ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಕುತ್ತಾಗಬಹುದು.

ಕರೆಂಟು ಮರಳುವಾಗ ವೋಲ್ಟೇಜ್ ಏರಿಳಿಯುವ ಸಂಭವವಿರುವುದರಿಂದ ಉಪಕರಣಗಳ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟು, ತಿಳಿಯಲೆಂದು ಒಂದು ಬಲ್ಬಿನ ಸ್ವಿಚ್ಚನ್ನು ಮಾತ್ರ ಹಾಕಿಡಿ. ಆ ಬಲ್ಬು ಬೆಳಗಿ ಹತ್ತು ನಿಮಿಷ ಸ್ಥಿರವಾಗಿ ಉರಿದ ಮೇಲೆ ಮೊದಲು ಫ್ರಿಜ್ಜು, ಆಮೇಲೆ ಉಳಿದವು. ಮನೆ ಬಿಟ್ಟು ಬೇರೆಡೆ ಇದ್ದವರು, ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವಿಟ್ಟು ಹೋಗಿದ್ದರೆ, ಮರಳಿದಾಗ ನಾಣ್ಯ ತಳ ಸೇರಿದೆಯೇ ಎಂಬುದನ್ನು ನೋಡಿಯೇ ಒಳಗಿನದನ್ನು ಮುಟ್ಟಬೇಕು; ತಳ ಸೇರಿದ್ದರೆ ನಡುವೆ ಎಲ್ಲವೂ ಕರಗಿತ್ತು ಎಂದರ್ಥ.