ಟ್ರ್ಯಾಕರ್ ಇಲ್ಲದೆ ಆಕಾಶದ ಎಮು: ನನ್ನ ಅನುಭವ

ಆಕಾಶಗಂಗೆಯ ಕಪ್ಪು ಪಟ್ಟಿಯಲ್ಲಿ ಕಾಣುವ ಎಮು ಹಕ್ಕಿಯ ಫೋಟೊಗೆಂದು ಬರೀ ಟ್ರೈಪಾಡ್ ಇಟ್ಟುಕೊಂಡು ಹೊರಟರೆ ಅದರ ತಲೆ ಸಿಕ್ಕೀತು, ಕುತ್ತಿಗೆ ಸಿಗುವುದಿಲ್ಲ ಎಂದು ಬಲ್ಲವರೇ ಹೇಳಿದ್ದರು. ಸಿಕ್ಕಿತು. ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಏಳುನೂರು ಡಾಲರ್‌ನ ಟ್ರ್ಯಾಕರ್ ಕೊಳ್ಳದೆಯೇ ಸಿಕ್ಕಿತು.

ಜಾಗ ನ್ಯೂ ಸೌತ್ ವೇಲ್ಸ್‌ನ ವಾರಂಬಂಗಲ್, 2016ರಲ್ಲಿ ಆಸ್ಟ್ರೇಲಿಯಾದ ಮೊದಲ ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಕತ್ತಲನ್ನು ಕಾಪಾಡುವ ಉದ್ಯಾನ) ಆದದ್ದು. ಆ ಸೀಮೆಯ ಮೂಲನಿವಾಸಿ ಕಮಿಲರಾಯ್ ಜನ ಎಮುವನ್ನು ಕಾಣುವುದು ನಕ್ಷತ್ರಗಳಲ್ಲಲ್ಲ, ಆಕಾಶಗಂಗೆಯ ನಡುವಿನ ಕಪ್ಪು ಧೂಳಿನಲ್ಲಿ. ತ್ರಿಶಂಕು ನಕ್ಷತ್ರಪುಂಜದ ಪಕ್ಕದ ಕೋಲ್‌ಸ್ಯಾಕ್ ಎಂಬ ಕಪ್ಪು ಮಚ್ಚೆ ತಲೆ, ಆಲ್ಫಾ-ಬೀಟಾ ಸೆಂಟಾರಿ ನಕ್ಷತ್ರಗಳ ಮೇಲೆ ಹಾದದ್ದು ಕುತ್ತಿಗೆ, ವೃಶ್ಚಿಕದ ಹತ್ತಿರ ಮೈ. ಏಪ್ರಿಲ್-ಮೇನಲ್ಲಿ ಅದು ಓಡುವ ಎಮು. ಜೂನ್-ಜುಲೈಗೆ ಕಾಲು ಮರೆಯಾಗಿ, ಗೂಡಿನ ಮೇಲೆ ಕೂತ ಗಂಡು ಎಮು. ನೆಲದ ಎಮುಗಳಲ್ಲೂ ಮೊಟ್ಟೆಗೆ ಕಾವು ಕೊಡುವುದು ಗಂಡೇ, ಸುಮಾರು ಎಂಟು ವಾರ. ನನಗೆ ಬೇಕಿದ್ದದ್ದು ಈ ಕೂತ ಎಮು.

ತಲೆಯಿಂದ ಮೈಯವರೆಗೆ ಹತ್ತಿರ ಹತ್ತಿರ 60 ಡಿಗ್ರಿ. ಫುಲ್‌ಫ್ರೇಮ್‌ನಲ್ಲಿ 20 ಎಂಎಂ ಲೆನ್ಸ್ ಸಾಕು. ಎಫ್ 2.8, ಐಎಸ್‌ಒ 6400, 10 ಸೆಕೆಂಡ್, ಐವತ್ತು ಫ್ರೇಮ್. ಎಲ್ಲವನ್ನೂ ಒಂದರ ಮೇಲೊಂದು ಸೇರಿಸಿದರೆ ನಾಯ್ಸ್ (ಚಿತ್ರದ ಕಾಳುಕಾಳು) ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೂ ಇಳಿಸೋಣವೆಂದು ನೂರಿಪ್ಪತ್ತು ಫ್ರೇಮ್ ತೆಗೆದದ್ದು ಪೂರ್ತಿ ವ್ಯರ್ಥ: ಇಪ್ಪತ್ತು ನಿಮಿಷದಲ್ಲಿ ಆಕಾಶ 5 ಡಿಗ್ರಿ ತಿರುಗಿರುತ್ತದೆ, ವೈಡ್ ಲೆನ್ಸ್ ಅಂಚುಗಳನ್ನು ಸೊಟ್ಟಗೆ ಎಳೆಯುವುದರಿಂದ ಮೂಲೆಯ ನಕ್ಷತ್ರಗಳು ಒಂದರ ಮೇಲೊಂದು ಕೂರುವುದೇ ಇಲ್ಲ. ಹತ್ತು ನಿಮಿಷ ದಾಟಬೇಡಿ.

ಹೆಚ್ಚು ರಾತ್ರಿಗಳನ್ನು ತಿಂದದ್ದು ಇಬ್ಬನಿ. 35 ಡಾಲರ್‌ನ ಯುಎಸ್‌ಬಿ ಹೀಟರ್ ಪಟ್ಟಿ ಅದಕ್ಕೆ ಮದ್ದಾಯಿತು, ಆದರೆ ಫೋಕಸ್ ಮಾಡಿದ ಮೇಲೆ ಹೀಟರ್ ಹಾಕಿದರೆ ಲೆನ್ಸ್ ಬೆಚ್ಚಗಾಗುತ್ತಾ ಫೋಕಸ್ ಜಾರುತ್ತದೆ. ನಕ್ಷತ್ರಗಳು ಸ್ವಲ್ಪ ಊದಿದರೂ ಸಾಕು, ಕುತ್ತಿಗೆಯ ತೆಳು ಕಪ್ಪು ಮುಚ್ಚಿಹೋಗುತ್ತದೆ. ಮೊದಲು ಹೀಟರ್, ಇಪ್ಪತ್ತು ನಿಮಿಷ ಬಿಟ್ಟು ಆಲ್ಫಾ ಸೆಂಟಾರಿಯನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಫೋಕಸ್, ಆಮೇಲೆ ರಿಂಗ್‌ಗೆ ಟೇಪ್. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಎರಡು ಬ್ಯಾಟರಿ ಜೇಬಿನಲ್ಲಿರಲಿ.

ಲೈಟ್ ಪೊಲ್ಯೂಷನ್ ಫಿಲ್ಟರ್‌ಗೆ ಇನ್ನೂರು ಡಾಲರ್ ಹೋಯಿತು. ಬಣ್ಣ ಕೆಟ್ಟಿತೇ ಹೊರತು ಕಪ್ಪು ಗಾಢವಾಗಲಿಲ್ಲ. 10x50 ಬೈನಾಕ್ಯುಲರ್‌ನಲ್ಲೂ ನೋಡಿದೆ: ತ್ರಿಶಂಕುವಿನ ಪಕ್ಕದ ಜ್ಯುವೆಲ್ ಬಾಕ್ಸ್ ಗುಚ್ಛ ಬಲು ಚೆಂದ, ಎಮು ಮಾತ್ರ ಮಾಯ. ಅದಕ್ಕೆ ಬರಿಗಣ್ಣೇ ಬೇಕು, ಕತ್ತಲಿಗೆ ಅರ್ಧ ಗಂಟೆ ಒಗ್ಗಿದ ಕಣ್ಣು. ಬೆಂಗಳೂರಿನಿಂದ ಯತ್ನಿಸುವವರು ಗಮನಿಸಿ: ಅಲ್ಲಿ ಕೋಲ್‌ಸ್ಯಾಕ್ ದಿಗಂತದಿಂದ ಸುಮಾರು 14 ಡಿಗ್ರಿಗಿಂತ ಮೇಲೇರುವುದಿಲ್ಲ.

ಎಡಿಟಿಂಗ್‌ನಲ್ಲಿ ಗ್ರೇಡಿಯಂಟ್ (ಹಿನ್ನೆಲೆ ಬೆಳಕಿನ ಏರುಪೇರು) ತಾನೇ ತೆಗೆಯುವ ಆಟೊ ಟೂಲ್ ಮುಟ್ಟಲೇಬೇಡಿ. ಅದು ಎಮುವಿನ ಮೈಯನ್ನೇ ಗ್ರೇಡಿಯಂಟ್ ಎಂದುಕೊಂಡು ಅಳಿಸುತ್ತದೆ. ಹಿನ್ನೆಲೆ ಅಳೆಯುವ ಸ್ಯಾಂಪಲ್ ಬಿಂದುಗಳನ್ನು ಕೈಯಿಂದಲೇ ಆಕಾಶಗಂಗೆಯ ಹೊರಗೆ ಇಡಿ. ಕರ್ವ್ಸ್ ಎಂಬ ಬೆಳಕು-ನೆರಳಿನ ಟೂಲ್‌ನಲ್ಲಿ ಕುತ್ತಿಗೆಯನ್ನು ಎಬ್ಬಿಸಿದ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೊಂದು ಚಳಿಗಾಲ ಅದನ್ನು ಪರೀಕ್ಷಿಸಬೇಕಿದೆ.