ಅಂಗಡಿ ಹೆಸರು, ಊರ ಹೆಸರು, ಪುಸ್ತಕದ ಹೆಸರು: ಮೀನು ಸಾಕುತ್ತಾ ನಾನು ಕಲಿತದ್ದು

ನನ್ನ ಮೊದಲ ಟ್ಯಾಂಕಿನಲ್ಲಿ ಎರಡು ಶಾರ್ಕ್ ಇದ್ದವು. ಹಾಗಂತ ಅಂಗಡಿಯಲ್ಲಿ ಹೇಳಿದ್ದರು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಬಾಡಿಗೆ ಮನೆ. ಹಾಲ್‌ನ ಮೂಲೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಸುಮಾರು 56 ಲೀಟರ್ ನೀರು ಹಿಡಿಯುತ್ತಿತ್ತು. ಅಂಗಡಿಯಲ್ಲಿ ಬೆರಳುದ್ದದ ಮರಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಾ ಗುಂಪಾಗಿ ಓಡಾಡುತ್ತಿದ್ದವು. ‘ಶಾರ್ಕ್ ಸಾರ್, ಗಟ್ಟಿ ಮೀನು, ಬೇಗ ಸಾಯಲ್ಲ’ ಅಂದರು. ಮಗಳು ಕೈ ಬಿಡಲಿಲ್ಲ. ಎರಡು ಮರಿ ಮನೆಗೆ ಬಂದವು.

ವರ್ಷ ತುಂಬುವ ಮೊದಲೇ ಅವು ಒಂದು ಗೇಣು ದಾಟಿದವು. ರಾತ್ರಿ ಲೈಟ್ ಹಾಕಿದರೆ ಸಾಕು, ಬೆದರಿ ಗಾಜಿಗೆ ಮುಖ ಗುದ್ದಿಕೊಳ್ಳುತ್ತಿದ್ದವು. ಮೂತಿ ಗಾಯವಾಗಿ ಒಂದು ಸತ್ತುಹೋಯಿತು. ಆ ರಾತ್ರಿ ಕೂತು ಅದರ ಚಿತ್ರ ಹುಡುಕಿದೆ. ಸಿಕ್ಕಿದ ಹೆಸರು ಪಂಗಾಸಿಯಾನೊಡಾನ್ ಹೈಪೊಫ್ತಾಲ್ಮಸ್. ಅದು ಶಾರ್ಕ್ ಅಲ್ಲವೇ ಅಲ್ಲ, ಮೀಸೆ ಮೀನಿನ ಜಾತಿ. ಮೆಕಾಂಗ್ ನದಿಯದು. ನಾಲ್ಕಡಿವರೆಗೂ ಬೆಳೆಯುತ್ತದೆ. ಸೂಪರ್‌ಮಾರ್ಕೆಟ್ ಫ್ರೀಜರ್‌ನಲ್ಲಿ ಬಾಸಾ ಅಂತ ಮಾರುವ ಮೀನು ಹೆಚ್ಚಾಗಿ ಇದೇ. ಹೈಪೊಫ್ತಾಲ್ಮಸ್ ಅಂದರೆ ಕಣ್ಣು ಕೆಳಗಿರುವುದು. ಉಳಿದ ಮೀನಿನ ಮುಖ ನೋಡಿದೆ. ನಿಜವಾಗಿಯೂ ಕಣ್ಣು ಬಾಯಿಯ ಮಟ್ಟದಲ್ಲಿ, ಕೆಳಗೇ ಇತ್ತು. ದಿನಾ ನೋಡುತ್ತಿದ್ದ ಮೀನನ್ನು ಅವತ್ತೇ ಮೊದಲ ಸಲ ನೋಡಿದ ಹಾಗಾಯಿತು.

ಸರಿಯಾದ ಹೆಸರು ಮೊದಲೇ ಗೊತ್ತಿದ್ದಿದ್ದರೆ ಆ ಎರಡು ಜೀವ 56 ಲೀಟರ್‌ಗೆ ಬರುತ್ತಿರಲಿಲ್ಲ. ಉಳಿದದ್ದನ್ನು ಮದ್ದೂರಿನ ಕಡೆ ಇದೇ ಮೀನು ಸಾಕುವ ಪರಿಚಯದವರ ಕೊಳಕ್ಕೆ ಕೊಟ್ಟೆ. ಬರುವಾಗ ದಾರಿಯಲ್ಲಿ ಒಂದು ನೋಟ್‌ಬುಕ್ ಕೊಂಡೆ. ಪುಟಕ್ಕೆ ಮೂರು ಕಾಲಂ ಎಳೆದೆ. ಮೊದಲನೆಯದು ಅಂಗಡಿ ಹೆಸರು. ಎರಡನೆಯದು ಪುಸ್ತಕದ ಹೆಸರು, ಅಂದರೆ ವೈಜ್ಞಾನಿಕ ಹೆಸರು. ಮೂರನೆಯದು ನಮ್ಮ ಊರ ಹೆಸರು. ಮೊದಲ ಕಾಲಂ ಒಂದೇ ತಿಂಗಳಲ್ಲಿ ತುಂಬಿತು. ಎರಡನೆಯದಕ್ಕೆ ಎರಡು ವರ್ಷ ಬೇಕಾಯಿತು. ಮೂರನೆಯದರ ಕಥೆ ಆಮೇಲೆ ಹೇಳುತ್ತೇನೆ.

ಅಂಗಡಿ ಹೆಸರು ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ಮಾರುವುದಕ್ಕೆ ಹುಟ್ಟಿದ ಹೆಸರು, ಅದಕ್ಕೆ ಮಾತ್ರ ಸಾಕಾಗುತ್ತದೆ. ‘ಸಕರ್’ ಅನ್ನುವುದನ್ನೇ ತಗೊಳ್ಳಿ. ಗಾಜಿನ ಪಾಚಿ ತಿನ್ನುತ್ತದೆ ಅಂತ ಎರಡಿಂಚಿನ ಮರಿ ಕೊಡುತ್ತಾರೆ. ಅದು ಟೆರಿಗೊಪ್ಲಿಕ್ತಿಸ್ ಕುಲದ ಮೀನು, ದಕ್ಷಿಣ ಅಮೆರಿಕದ್ದು, ಒಂದೂವರೆ ಅಡಿಗೆ ಹೋಗುತ್ತದೆ. ದೊಡ್ಡದಾದಾಗ ಏನು ಮಾಡಬೇಕೋ ತಿಳಿಯದೆ ಜನ ಕೆರೆಗೆ ಬಿಡುತ್ತಾರೆ. ಹಾಗೆ ಬಿಟ್ಟೂ ಬಿಟ್ಟೂ ಕೇರಳ, ಬಂಗಾಳದ ನೀರುಗಳಲ್ಲಿ ಅದು ನೆಲೆ ಊರಿಬಿಟ್ಟಿದೆ. ಅದರ ಮೈಯೆಲ್ಲ ಗಟ್ಟಿ ಕವಚ, ಬಲೆಯನ್ನೇ ಹರಿಯುತ್ತದೆ. ದಯವಿಟ್ಟು ಕುಕ್ಕರಹಳ್ಳಿ ಕೆರೆಗಾಗಲಿ, ನಿಮ್ಮೂರ ನಾಲೆಗಾಗಲಿ ಬಿಡಬೇಡಿ. ಅಂಗಡಿಗೇ ವಾಪಸ್ ಕೊಡಿ, ತಗೋತಾರೆ.

ವೈಜ್ಞಾನಿಕ ಹೆಸರು ಓದುವುದು ಕಷ್ಟ ಅಂತ ಸುಮ್ನೆ ಹೆದರಿದ್ದೆ. ನಮ್ಮ ಕಡೆಯ ಹೆಸರುಗಳ ಜೋಡಣೆಯೇ ಅದರದೂ. ನಾವು ಮೊದಲು ಊರು, ಅಪ್ಪನ ಹೆಸರು ಹಾಕಿ, ಆಮೇಲೆ ನಮ್ಮ ಹೆಸರು ಹೇಳುತ್ತೇವೆ, ಅಲ್ವಾ? ಅಲ್ಲೂ ಮೊದಲ ಪದ ಕುಲ, ಎರಡನೆಯದು ಆ ಮೀನಿನ ಸ್ವಂತ ಹೆಸರು. ಕೊನೆಯಲ್ಲಿ ಹೆಸರಿಟ್ಟವರು ಮತ್ತು ಇಸವಿ ಇರುತ್ತದೆ. ಅದು ಕಂಸದೊಳಗಿದ್ದರೆ ಒಂದು ಗುಟ್ಟು ತಿಳಿಯುತ್ತದೆ. ಆ ಮೀನಿಗೆ ಹೆಸರಿಟ್ಟಾಗ ಅದು ಬೇರೆ ಕುಲದಲ್ಲಿತ್ತು, ಆಮೇಲೆ ಯಾರೋ ಬೇರೆ ಮನೆಗೆ ಸೇರಿಸಿದ್ದಾರೆ ಅಂತ ಅರ್ಥ. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಯಾಕೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಈ ಕಂಸ ಗೊತ್ತಾದ ಮೇಲೆ ಎರಡನೇ ಪದ ಹಿಡಿದು ಹುಡುಕುವುದು ಕಲಿತೆ. ಕುಲ ಬದಲಾದರೂ ಎರಡನೇ ಪದ ಹೆಚ್ಚಾಗಿ ಉಳಿಯುತ್ತದೆ.

ಕೆಲವು ಅಂಗಡಿ ಹೆಸರು ಹಳೆಯ ಪುಸ್ತಕದ ಹೆಸರುಗಳೇ. ಮಾಲಿ ಅನ್ನುವುದು ಮೊಲಿನೀಸಿಯಾ ಎಂಬ ಹಳೆಯ ಕುಲದ ತುಂಡು. ಟೆಟ್ರಾ ಅನ್ನುವುದು ಟೆಟ್ರಗನಾಪ್ಟೆರಸ್‌ನ ತುಂಡು. ಗಪ್ಪಿಗೆ ಟ್ರಿನಿಡಾಡ್‌ನಲ್ಲಿದ್ದ ರಾಬರ್ಟ್ ಗಪ್ಪಿ ಎಂಬಾತನ ಹೆಸರು, 1866ರಲ್ಲಿ ಬಂದದ್ದು. ಆದರೆ ಅದೇ ಮೀನಿಗೆ 1859ರಲ್ಲೇ ಇನ್ನೊಬ್ಬರು ಹೆಸರಿಟ್ಟಿದ್ದರಿಂದ ಪುಸ್ತಕದಲ್ಲಿ ಅದು ಪೊಯಿಸಿಲಿಯಾ ರೆಟಿಕ್ಯುಲಾಟಾ. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮ ಆರೋಗ್ಯ ಇಲಾಖೆಯವರು ಬಾವಿಗೆ, ತೊಟ್ಟಿಗೆ ಬಿಡುವಾಗ ಇದನ್ನೂ ಗ್ಯಾಂಬೂಸಿಯಾ ಎಂಬ ಇನ್ನೊಂದು ಮೀನನ್ನೂ ಲಾರ್ವಾಹಾರಿ ಮೀನು ಅನ್ನುತ್ತಾರೆ. ಮೂರನೇ ಕಾಲಂನಲ್ಲಿ ನಾನು ಬರೆದ ಮೊದಲ ಪದ ಅದೇ.

ಹೆಸರು ತಿಳಿದರೆ ಊರು ತಿಳಿಯುತ್ತದೆ. ಊರು ತಿಳಿದರೆ ನೀರು ತಿಳಿಯುತ್ತದೆ. ನಿಯಾನ್ ಟೆಟ್ರಾ ಮೂರು ಸಲ ತಂದು ಮೂರು ಸಲವೂ ಕಳೆದುಕೊಂಡೆ. ನಮ್ಮ ಮನೆಗೆ ಬರುತ್ತಿದ್ದದ್ದು ಬೋರ್ ನೀರು. ಬಕೆಟ್ ಮೇಲೆ ಬಿಳಿ ಪಟ್ಟಿ ಕಟ್ಟುವಷ್ಟು ಗಡುಸು. ಪ್ಯಾರಕೈರೊಡಾನ್ ಇನ್ನೆಸಿ ಅಂತ ಹುಡುಕಿದರೆ ಅದು ಅಮೆಜಾನ್ ಕಡೆಯ ಮೆದು ನೀರಿನ ಮೀನು. ಗಪ್ಪಿ, ಮಾಲಿಗಳಿಗಾದರೆ ಗಡುಸು ನೀರೇ ಹಿತ. ಅಲ್ಲಿಂದಾಚೆ ಬೋರ್ ನೀರಿನ ಟ್ಯಾಂಕಿಗೆ ಅವನ್ನೇ ಇಟ್ಟೆ. ಕಾವೇರಿ ನೀರಿನ ಸಂಪರ್ಕ ಬಂದ ಮೇಲೆ ಮೆದು ನೀರಿನವುಗಳ ಕಡೆ ಹೋದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆಂಟಿಕ್ಲೋರಿನ್ ಹನಿ ಹಾಕದೆ ಸುರಿಯಬಾರದು. ಹೆಚ್ಚಾಗಿ ಅದರಲ್ಲಿರುವುದು ಸೋಡಿಯಂ ಥಯೋಸಲ್ಫೇಟ್.

ಮೀನಿನ ಹೆಸರಷ್ಟೇ ಅಲ್ಲ, ಈ ಹವ್ಯಾಸದ ಬೇರೆ ಪದಗಳೂ ನನಗೆ ಕಷ್ಟ ಕೊಟ್ಟವು. ‘ಟ್ಯಾಂಕ್ ಸೈಕಲ್ ಆಗಿದೆಯಾ’ ಅಂತ ಒಬ್ಬರು ಕೇಳಿದರು. ಏನು ಸುತ್ತುತ್ತದೆ ಅಂತಲೇ ತಿಳಿಯಲಿಲ್ಲ. ಮೀನಿನ ಕೊಳೆಯಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಸ್ವಲ್ಪ ಇದ್ದರೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ಟ್ಯಾಂಕಿನ ಸ್ಪಂಜಿನ ತುಂಡು ತಂದು ಹೊಸದಕ್ಕೆ ಹಾಕಿದರೆ ಬೇಗ ಆಗುತ್ತದೆ. ಇದನ್ನು ನಮ್ಮಮ್ಮನಿಗೆ ವಿವರಿಸುತ್ತಿದ್ದಾಗ ‘ಹೆಪ್ಪು ಹಾಕೋದು ಅನ್ನು’ ಅಂದರು. ಅಷ್ಟೇ. ಅದಕ್ಕಿಂತ ಒಳ್ಳೆಯ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ. ಹೊಸದಾಗಿ ಟ್ಯಾಂಕ್ ಇಡುವ ಯಾರಿಗಾದರೂ ನಾನು ‘ಹೆಪ್ಪಾಗಿದೆಯಾ’ ಅಂತಲೇ ಕೇಳುತ್ತೇನೆ. ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಹೆಪ್ಪು ಸಾಯುತ್ತದೆ, ಟ್ಯಾಂಕಿನದೇ ನೀರಲ್ಲಿ ಹಿಂಡಬೇಕು ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ಪದ ಇಚ್. ಮೈ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬರುವ ರೋಗ. ಔಷಧಿ ಹಾಕಿದೆ, ಮೂರನೇ ದಿನ ಚುಕ್ಕೆ ಹೋಯಿತು, ನಿಲ್ಲಿಸಿದೆ. ಒಂದು ವಾರದಲ್ಲಿ ಎಲ್ಲ ಮೀನಿಗೂ ಬಂತು. ಏಳು ಮಾಲಿ ಹೋದವು. ಆಮೇಲೆ ಅದರ ಪೂರ್ತಿ ಹೆಸರು ನೋಡಿದೆ: ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಯಿಸ್. ಬಹಳ ಮಕ್ಕಳುಳ್ಳ ಮೀನಿನ ಹೇನು ಅಂತ ಅರ್ಥ. ನಿಜಕ್ಕೂ ಹೇನಲ್ಲ, ಒಂದೇ ಕೋಶದ ಜೀವಿ. ಆದರೆ ಮಕ್ಕಳ ಮಾತು ನಿಜ. ಚುಕ್ಕೆ ಬಲಿತು ಮೀನಿನಿಂದ ಉದುರಿ ತಳಕ್ಕೆ ಅಂಟುತ್ತದೆ. ಅಲ್ಲಿ ಒಡೆದು ನೂರಾರು ಮರಿಗಳಾಗಿ ಮತ್ತೆ ಮೀನು ಹುಡುಕಿಕೊಂಡು ಈಜುತ್ತದೆ. ಔಷಧಿ ತಾಗುವುದು ಹೀಗೆ ಈಜುವ ಮರಿಗಳಿಗೆ ಮಾತ್ರ. ಚುಕ್ಕೆ ಹೋಯಿತು ಅಂದರೆ ರೋಗ ಹೋಯಿತು ಅಂತಲ್ಲ, ಮಕ್ಕಳಾಗುವ ಹೊತ್ತು ಬಂತು ಅಂತ. ಈಗ ಚುಕ್ಕೆ ಹೋದ ಮೇಲೂ ಒಂದು ವಾರ ಔಷಧಿ ಬಿಡುವುದಿಲ್ಲ. ಹೀಟರ್ ಹಾಕಿ ನಿಧಾನವಾಗಿ 29 ಡಿಗ್ರಿಗೆ ತರುತ್ತೇನೆ, ಆ ಜೀವಿಯ ಸುತ್ತು ಬೇಗ ಮುಗಿಯಲಿ ಅಂತ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಅದಕ್ಕೆ ಗಾಳಿ ಪಂಪ್ ಜಾಸ್ತಿ ಮಾಡುತ್ತೇನೆ. ಆ ಎರಡನೇ ಪದದ ಅರ್ಥ ಮೊದಲೇ ತಿಳಿದಿದ್ದರೆ ಏಳು ಮಾಲಿ ಉಳಿಯುತ್ತಿದ್ದವು ಅಂತ ಈಗಲೂ ಅನ್ನಿಸುತ್ತದೆ.

ಈಗ ಮೂರನೇ ಕಾಲಂ. ಎರಡನೇ ಕಾಲಂ ಬರೆಯುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ಲ್ಯಾಟಿನ್ ಹೆಸರು ಲ್ಯಾಟಿನ್ನೇ ಅಲ್ಲ. ಪುಂಟಿಯಸ್ ಅನ್ನುವ ಕುಲದ ಹೆಸರು ಬಂಗಾಳಿಯ ಪುಂಟಿ ಮೀನಿನದೇ. ಗಂಗಾ ನದಿಯ ಮೀನುಗಳ ಬಗ್ಗೆ 1822ರಲ್ಲಿ ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್ ಅಲ್ಲಿನ ಜನ ಹೇಳಿದ ಹೆಸರುಗಳನ್ನೇ ಹಿಡಿದು ಹೆಸರಿಟ್ಟ. ರೋಹಿತ, ಕಟ್ಲ ಎಲ್ಲ ಹಾಗೇ ಬಂದವು. ಅಂಗಡಿಯ ರೋಸಿ ಬಾರ್ಬ್ ಇರುವ ಪೆತಿಯಾ ಕುಲದ ಹೆಸರು ಸಿಂಹಳದ್ದು. ಸಣ್ಣ ಗೆಂಡೆಗಳಿಗೆಲ್ಲ ಅಲ್ಲಿ ಹಾಗನ್ನುತ್ತಾರೆ. ಬಂಗಾಳಿ ಇದೆ, ಸಿಂಹಳ ಇದೆ, ಕನ್ನಡ ಎಲ್ಲಿ ಅಂತ ಹುಡುಕಲು ಶುರು ಮಾಡಿದೆ.

ಸಿಕ್ಕಿತು. ಅದೂ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯಲ್ಲಿ.

ಅರುಲಿಯಸ್ ಬಾರ್ಬ್ ಅಂತ ಒಂದು ಮೀನಿದೆ. ಬೆಳ್ಳಿ ಮೈ, ಹೊರಳಿದಾಗ ನೇರಳೆ ಹೊಳಪು, ಪಕ್ಕೆಯಲ್ಲಿ ಮೂರು ಕಪ್ಪು ಮಚ್ಚೆ. ಐದಿಂಚು ಬೆಳೆಯುತ್ತದೆ. ಹೆಸರಿಟ್ಟದ್ದು ಥಾಮಸ್ ಜೆರ್ಡನ್, ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದವನು. ಹಕ್ಕಿಗಳ ಬಗ್ಗೆ ಬರೆದು ಹೆಸರಾದವನು. ಈ ಮೀನು ಅವನಿಗೆ ಸಿಕ್ಕಿದ್ದು ಶ್ರೀರಂಗಪಟ್ಟಣದ ಕಾವೇರಿಯಲ್ಲಿ. ಇಲ್ಲಿನವರು ಕರೆಯುತ್ತಿದ್ದ ಅರುಲಿ ಅನ್ನುವ ಹೆಸರನ್ನೇ ಲ್ಯಾಟಿನ್ ಬಾಲ ಸೇರಿಸಿ ಅರುಲಿಯಸ್ ಮಾಡಿದ. ಅವನಿಟ್ಟ ಕುಲ ಸಿಸ್ಟೊಮಸ್. ಆಮೇಲೆ ಬಾರ್ಬಸ್ ಆಯಿತು, ಪುಂಟಿಯಸ್ ಆಯಿತು. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಗೊಡ ಮತ್ತು ಜೊತೆಯವರು ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಹೆಸರಲ್ಲಿ ಹೊಸ ಕುಲ ಮಾಡಿ ಅದಕ್ಕೆ ಸೇರಿಸಿದರು. ಈಗ ಅದು ಡಾಕಿನ್ಸಿಯಾ ಅರುಲಿಯಸ್ (ಜೆರ್ಡನ್, 1849). ಕಂಸ ನೋಡಿದಿರಾ? ಇಷ್ಟು ಮನೆ ಬದಲಾಯಿಸಿದರೂ ಅರುಲಿ ಜೊತೆಗೇ ಬಂದಿದೆ.

ಆ ದಿನ ನನಗಾದ ಸಂತೋಷ ಹೇಳಲಾರೆ. ಅಮೆಜಾನ್, ಮೆಕಾಂಗ್ ಅಂತ ಓದಿದ್ದೆ. ನಮ್ಮ ಹೊಳೆಯ ಒಂದು ಪದ ಜರ್ಮನಿಯಲ್ಲೋ ಜಪಾನಿನಲ್ಲೋ ಯಾರದೋ ಟ್ಯಾಂಕಿನ ಮೇಲೆ ಬರೆದಿರುತ್ತದೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಈ ಮೀನಿಗಾಗಿಯೇ ನಾಲ್ಕಡಿ ಟ್ಯಾಂಕ್ ಮಾಡಿಸಿದೆ. ಒಂದು ಕಡೆಯಿಂದ ನೀರು ಹರಿಯುವ ಹಾಗೆ ಪಂಪ್ ಇಟ್ಟೆ, ಉರುಟು ಕಲ್ಲು ಹಾಕಿದೆ. ಹೊಳೆಯಿಂದ ಹಿಡಿಯುವ ಯೋಚನೆ ಮಾಡಲಿಲ್ಲ. ಮರಿ ಮಾಡಿಸಿ ಮಾರುವವರಿಂದ ಅರುಲಿಯಸ್ ಅಂತಲೇ ಎಂಟು ಮರಿ ತರಿಸಿದೆ. ವರ್ಷವಾದ ಮೇಲೆ ಗಂಡುಗಳ ಬೆನ್ನಿನ ರೆಕ್ಕೆಯಿಂದ ಉದ್ದುದ್ದ ಎಳೆ ಹೊರಟವು. ಪಕ್ಕೆಯ ಮಚ್ಚೆ ಉದ್ದಕ್ಕೆ ಎಳೆದ ಹಾಗಿತ್ತು. ನನಗೆ ಅನುಮಾನ ಬಂತು. ಟ್ಯಾಂಕಿನ ಗಾಜಿಗೆ ಸಮನಾಗಿ ಕ್ಯಾಮೆರಾ ಇಟ್ಟು, ಒಂದೊಂದರದೂ ಪಕ್ಕೆಯ ಫೋಟೊ ತೆಗೆದು ಮಚ್ಚೆ, ಎಳೆ ಹೋಲಿಸಿದೆ. ಅವು ತಮಿಳುನಾಡಿನ ತಾಮ್ರಪರ್ಣಿ ನದಿಯ ಡಾಕಿನ್ಸಿಯಾ ತಾಂಬ್ರಪರ್ಣಿಯೈ. ಅರುಲಿಯಸ್ ಅಂತ ಮಾರಾಟವಾಗುವವು ಎಷ್ಟೋ ಸಲ ಇವೇ. ತುಂಬಾ ಚಂದದ ಮೀನು, ಈಗಲೂ ನನ್ನ ಹತ್ತಿರ ಆರಿವೆ. ಆದರೆ ನೋಟ್‌ಬುಕ್ಕಿನಲ್ಲಿ ಆ ಸಾಲನ್ನು ಹೊಡೆದು ಹೊಸದಾಗಿ ಬರೆದೆ. ಇನ್ನೊಂದು ಊರಿನ ಮೀನಿಗೆ ನಮ್ಮ ಊರಿನ ಹೆಸರು ಕೊಟ್ಟರೆ ಇಬ್ಬರಿಗೂ ಅನ್ಯಾಯ.

ನಿಜವಾದ ಅರುಲಿಯ ಸಾಲು ಹಾಗೇ ಇದೆ. ಒಂದು ಭಾನುವಾರ ಪಶ್ಚಿಮವಾಹಿನಿಯ ಹತ್ತಿರ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರಿಗೆ ಫೋಟೊ ತೋರಿಸಿದೆ. ‘ಗೆಂಡೆ ಮರಿ’ ಅಂದರು. ಅರುಲಿ ಅಂತ ಕೇಳಿದ್ದೀರಾ ಅಂದೆ. ಇಲ್ಲ ಅಂತ ತಲೆ ಆಡಿಸಿದರು. ಬಿಳಿಮೀನು, ಹಾವುಮೀನು, ಜಿಲೇಬಿ ಅಂತ ಬಾಯಿ ತುಂಬ ಹೇಳಿದರು. ಎಲ್ಲ ಬರೆದುಕೊಂಡೆ. ಹತ್ತಿರ ನಿಂತಿದ್ದ ಹುಡುಗನಿಗೆ ಜಿಲೇಬಿ, ಕಟ್ಲ ಬಿಟ್ಟು ಬೇರೆ ಹೆಸರೇ ಗೊತ್ತಿರಲಿಲ್ಲ. ಅದು ನನಗೆ ಬಹಳ ಬೇಜಾರು ಮಾಡಿತು.

ಜೆರ್ಡನ್ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಅದಕ್ಕೇ ಮೂರನೇ ಕಾಲಂನಲ್ಲಿ ಆ ಮೀನಿನ ಎದುರು ಅರುಲಿ, ಅರುಳಿ ಅಂತ ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಶ್ರೀರಂಗಪಟ್ಟಣ, ಬನ್ನೂರು, ತಲಕಾಡಿನ ಹೊಳೆ ಬದಿಯ ಮನೆಗಳಲ್ಲಿ ವಯಸ್ಸಾದವರು ಸಿಕ್ಕಾಗಲೆಲ್ಲ ಆ ಫೋಟೊ ತೋರಿಸುತ್ತೇನೆ. ಯಾರಾದರೂ ಬಾಯಿಂದ ಹೇಳಿದ ದಿನ ಒಂದನ್ನು ಅಳಿಸಿ, ಇನ್ನೊಂದನ್ನು ಪೆನ್ನಿನಲ್ಲಿ ಬರೆಯುತ್ತೇನೆ.