ಟ್ಯಾಬ್ಲೆಟ್‌ನಲ್ಲಿ ಹಾಡು ನಿಂತುಹೋಗುತ್ತಿದೆಯೇ? ಚಂದಾ ಕಟ್ಟುವ ಮುಂಚೆ ಇದನ್ನು ನೋಡಿ

ಕೆಲಸ ಮಾಡುತ್ತಾ ಯೂಟ್ಯೂಬ್ ಮ್ಯೂಸಿಕ್ ಕೇಳುವವರು ಟ್ಯಾಬ್ಲೆಟ್ ಬದಲು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಹಾಕಿಕೊಳ್ಳಿ; ಪ್ರೀಮಿಯಂ ಚಂದಾ ಇಲ್ಲದೆಯೂ ಹಾಡು ನಡೆಯುತ್ತಿರುತ್ತದೆ. ಟ್ಯಾಬ್ಲೆಟ್‌ನಲ್ಲಿ ಸ್ಕ್ರೀನ್ ಆರಿದರೆ ಅಥವಾ ಬೇರೆ ಆ್ಯಪ್ ತೆರೆದರೆ ಹಾಡು ನಿಲ್ಲುವುದು ಯಂತ್ರದ ದೋಷವಲ್ಲ, ಸೆಟ್ಟಿಂಗ್ಸ್ ಕೆದಕಿ ಸುಸ್ತಾಗಬೇಡಿ. ಆ್ಯಪ್ ಹಿಂಬದಿಯಲ್ಲಿ ನಡೆಯುವ ಸೌಲಭ್ಯವನ್ನು ಹೆಚ್ಚಿನ ದೇಶಗಳಲ್ಲಿ ಚಂದಾದಾರರಿಗಷ್ಟೇ ಕೊಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಆ ತಡೆ ಇಲ್ಲ, ವಿಂಡೋ ಮಿನಿಮೈಸ್ ಮಾಡಿದರೂ ಸರಿಯೇ. ಜಾಹೀರಾತು ಮಾತ್ರ ತಪ್ಪುವುದಿಲ್ಲ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದರೆ ಹಾಡೂ ನಿಲ್ಲುತ್ತದೆ. ಬಹಳ ಹೊತ್ತು ಮುಟ್ಟದೆ ಬಿಟ್ಟರೆ, ಇನ್ನೂ ಕೇಳುತ್ತಿದ್ದೀರಾ ಎಂದು ಕೇಳಿ ನಿಲ್ಲಿಸುವುದೂ ಉಂಟು. ಪ್ರಯಾಣದಲ್ಲಿ ಇಂಟರ್ನೆಟ್ ಇಲ್ಲದೆ ಕೇಳಬೇಕೆಂದರೆ ಇದು ಉಪಯೋಗಕ್ಕೆ ಬರದು, ಡೌನ್‌ಲೋಡ್‌ಗೆ ಚಂದಾ ಬೇಕೇ ಬೇಕು.